ಮೆಲ್ಲಗೆ ಸಾಯಲಿ

ಆಸ್ಪತ್ರೆಯಲ್ಲಿ ಗಂಡನ ರಕ್ತ ಪರೀಕ್ಷೆಗೆ ಕೊಟ್ಟು, ಮನೆಯಿರುವ ಡಚ್ ಊರು ಕಾಪೆಲ್ಲೆಗೆ ಹಿಂತಿರುಗುವ ಮೆಟ್ರೋದಲ್ಲಿ ಕೂತಾಗಲೂ ಸರಳಾಳ ಮನಸ್ಸು ಅದೇ ಪ್ರಾರ್ಥನೆಯನ್ನು ಹಿಡಿದುಕೊಂಡಿತ್ತು: ಸಾಯಲಿ, ಆದರೆ ಮೆಲ್ಲಗೆ ಸಾಯಲಿ. ಇಂಥ ಪ್ರಾರ್ಥನೆಯನ್ನು ಯಾವ ದೇವರ ಮುಂದೆ ಇಡುವುದೋ ಅವಳಿಗೆ ತಿಳಿದಿರಲಿಲ್ಲ. ಧಾರವಾಡದ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಆ ಶಬ್ದ ಬಾಯಿಗೆ ಬಂದರೆ ಅವ್ವ ತಲೆಗೆ ಮೊಟಕುತ್ತಿದ್ದಳು. ಇರುವೆ ಸತ್ತರೂ ‘ಹೋತು’ ಅನ್ನಬೇಕಿತ್ತು. ಅಂಥ ಮನೆಯ ಹುಡುಗಿ ಓದಿ ಓದಿ ಕೊನೆಗೆ ಹಿಡಿದದ್ದು ಸಾವಿನ ಕೆಲಸವನ್ನೇ. ಜೀವಕೋಶ ತನ್ನಷ್ಟಕ್ಕೆ ತಾನು ಸಾಯುವುದು ಹೇಗೆ, ಸಾಯಬೇಕಾದದ್ದು ಸಾಯದೆ ಉಳಿಯುವುದು ಏಕೆ ಎಂಬಷ್ಟನ್ನೇ ಲೈಡನ್ನಿನ ಪ್ರಯೋಗಾಲಯದಲ್ಲಿ ಅರ್ಧ ಆಯುಷ್ಯ ನೋಡಿದ್ದಳು. ಮದುವೆಯಾದ ಹೊಸದರಲ್ಲಿ ಕಾರ್ಕಳದ ಅತ್ತೆ ಅಕ್ಕು ಸೊಸೆಯ ಕೆಲಸವೇನೆಂದು ಕೇಳಿ ತಿಳಿದು, ‘ಸಾಯುವುದನ್ನು ನೋಡಲಿಕ್ಕೆ ಇಷ್ಟು ಓದಬೇಕಾ?’ ಎಂದು ನಿಜವಾದ ಮರುಕದಿಂದ ಕೇಳಿದ್ದರು. ಆಗ ನಕ್ಕಿದ್ದಳು. ಈಗ ಪಕ್ಕದ ಸೀಟಿನಲ್ಲಿ ಕಿಶನ್, ಅದೇ ಅತ್ತೆಯ ಮಗ, ಕೋಟಿನ ತೋಳಿನೊಳಗೆ ಹತ್ತಿಯ ಉಂಡೆ ಅಂಟಿಸಿಕೊಂಡು, ಕಿಟಕಿಯಾಚೆ ಕಾಲುವೆಯ ನೀರಿನ ಮಟ್ಟವನ್ನು ತನ್ನದೇ ಮನೆಯ ತೊಟ್ಟಿಯಂತೆ ಅಳೆಯುತ್ತ ಕೂತಿದ್ದ. ಸಾಯಬೇಕಾದ ಕೋಶಗಳು ಅವನ ರಕ್ತದಲ್ಲಿದ್ದವು.

ಬಿಳಿ ಕಣಗಳ ಕ್ಯಾನ್ಸರ್. ಬಹಳ ನಿಧಾನದ್ದು, ಅದರ ಬಗ್ಗೆ ಹೆಚ್ಚೇನೂ ತಲೆ ಕೆಡಿಸಿಕೊಳ್ಳಬೇಡಿ ಎಂದು ವೈದ್ಯರು ಕೆಲವು ವರ್ಷ ಸುಮ್ಮನೆ ಕಾದಿದ್ದರು. ಈ ಬೇಸಿಗೆಯಲ್ಲಿ ಅದಕ್ಕೆ ಕಾಯುವುದು ಸಾಕಾಯಿತು. ಚಿಕಿತ್ಸೆಗೆ ಬಂದ ಮಾತ್ರೆಯ ಹೆಸರು ಕೇಳಿದಾಗ ಸರಳಾಗೆ ಬೀದಿಯಲ್ಲಿ ಹಳೆಯ ಸಹಪಾಠಿ ಎದುರಾದಂತಾಗಿತ್ತು. ಅದು ಹಿಡಿಯುವ ಪ್ರೋಟೀನು ಅವಳಿಗೆ ಹೊಸದಲ್ಲ. ಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಗಳ ಹೊರಗೋಡೆಯ ಮೇಲೆ ಕೂತು, ಸಾವನ್ನು ತಡೆಹಿಡಿಯುವ ಪ್ರೋಟೀನು ಅದು. ಅಡುಗೆಮನೆಯಲ್ಲಿ ಕಿಶನ್ ‘ಎಂತದು ಅದು, ನನಗೂ ಗೊತ್ತಾಗುವ ಹಾಗೆ ಹೇಳು ಮಾರಾಯ್ತಿ’ ಎಂದಾಗ ಅವಳು ಸೌಟು ಕೆಳಗಿಟ್ಟು ಹೇಳಿದ್ದಳು.

“ಮದುವಿಮನ್ಯಾಗ ಒಬ್ಬಾಕಿ ದೊಡ್ಡಮ್ಮ ಇರತಾಳಲ್ಲ, ಹೊಂಟು ನಿಂತವರನ್ನ ಕೈ ಹಿಡದು ಮತ್ತ ಕೂಡ್ರಸೂವಾಕಿ? ಅಕಿನ ಈ ಪ್ರೋಟೀನು. ಹೊಂಟು ನಿಂತದ್ದು ಇನ್ನೊಂದು ಪ್ರೋಟೀನು. ಅದು ಎದ್ದರ ಮೈಟೋಕಾಂಡ್ರಿಯಕ್ಕ ತೂತು ಬೀಳತದ, ಕೋಶ ತಾನ ಮಡಚಿಕೊಂಡು ಸಾಯತದ. ನಿಮ್ಮ ರಕ್ತದಾಗ ದೊಡ್ಡಮ್ಮಗೋಳು ಹೆಚ್ಚಾಗ್ಯಾರ, ಯಾರೂ ಎದ್ದು ಹೋಗವಲ್ಲರು.”

“ಮಾತ್ರೆ ಎಂತ ಮಾಡ್ತದೆ? ದೊಡ್ಡಮ್ಮನಿಗೆ ಬೈತದಾ?”

“ಇಲ್ಲರಿ. ಅಕಿ ಕೈಯಾಗ ಒಂದು ಕೂಸು ಕೊಡತದ. ಕೈ ತುಂಬಿತಂದ್ರ ಹೊಂಟವರನ್ನ ಹಿಡಿಲಿಕ್ಕೆ ಆಗೂದಿಲ್ಲಲ್ಲ.”

ಕಿಶನ್ ಬಹಳ ಹೊತ್ತು ನಕ್ಕಿದ್ದ. ಆಮೇಲೆ, ಎಂಜಿನಿಯರನಲ್ಲವೇ, ಸರಿಯಾದ ಪ್ರಶ್ನೆಯನ್ನೇ ಕೇಳಿದ್ದ: ಎಲ್ಲರೂ ಒಟ್ಟಿಗೆ ಹೊರಟರೆ ಬಾಗಿಲಲ್ಲಿ ನೂಕುನುಗ್ಗಲು ಆಗುವುದಿಲ್ಲವಾ? ಆಗುತ್ತದೆ. ಅದೇ ಅಪಾಯ. ಕೋಶಗಳು ರಾಶಿಯಾಗಿ ಸತ್ತರೆ ಅವುಗಳ ಹೊಟ್ಟೆಯಲ್ಲಿದ್ದ ಪೊಟ್ಯಾಸಿಯಂ, ಯೂರಿಕ್ ಆಮ್ಲ ಎಲ್ಲ ಒಮ್ಮೆಲೇ ರಕ್ತಕ್ಕೆ ನುಗ್ಗಿ ಮೂತ್ರಪಿಂಡ ಸೋಲುತ್ತದೆ, ಹೃದಯದ ಲಯ ತಪ್ಪುತ್ತದೆ. ಅದಕ್ಕೇ ಮೊದಲ ವಾರ ಚೂರು ಮಾತ್ರೆ, ಆಮೇಲೆ ವಾರವಾರಕ್ಕೂ ಸ್ವಲ್ಪ ಹೆಚ್ಚು, ಜೊತೆಗೆ ಕೊಡಗಟ್ಟಲೆ ನೀರು. ಸಮುದ್ರಕ್ಕಿಂತ ತಗ್ಗಿನಲ್ಲಿರುವ ಈ ದೇಶದ ನೀರನ್ನೆಲ್ಲ ಪಂಪು ಹಾಕಿ ಹೊರಗೆ ಎಸೆಯುವುದೇ ವೃತ್ತಿಯಾದವನಿಗೆ ಈಗ ನೀರು ತುಂಬಿಸಿಕೊಳ್ಳುವ ಶಿಕ್ಷೆ ಎಂದು ಅವನ ಆಫೀಸಿನವರು ಕಾಡುತ್ತಿದ್ದರಂತೆ. ಇವತ್ತು ಮಧ್ಯಾಹ್ನದಿಂದ ಮಾತ್ರೆ ಇಮ್ಮಡಿಯಾಗಬೇಕು. ಬೆಳಿಗ್ಗೆ ಕೊಟ್ಟ ರಕ್ತದಲ್ಲಿ ಏನಾದರೂ ಕಂಡರೆ ಊಟದ ಹೊತ್ತಿನೊಳಗೆ ಫೋನು ಮಾಡುತ್ತೇವೆ, ಮಾಡದಿದ್ದರೆ ಊಟದ ಜೊತೆ ನುಂಗಿ ಎಂದು ದಾದಿ ಹನ್ನೆಕೆ ಹೇಳಿ ಕಳಿಸಿದ್ದಳು.

ಹನ್ನೆಕೆಯನ್ನು ನೆನೆದಾಗಲೆಲ್ಲ ಸರಳಾಗೆ ಒಂದು ಸಣ್ಣ ಮುಜುಗರ. ಮೊದಲ ದಿನ ಅವಳು ಔಷಧಿಯ ಮಾಹಿತಿಪತ್ರ ಹಿಡಿದು, ತಿನ್ನಬಾರದ ಹಣ್ಣುಗಳ ಭಾಗಕ್ಕೆ ಬರುವಷ್ಟರಲ್ಲಿ, ಇವಳು ‘ಇರಲಿ, ನನ್ನ ಕ್ಷೇತ್ರವೇ ಇದು, ಮನೆಯಲ್ಲಿ ಓದಿಕೊಳ್ಳುತ್ತೇನೆ’ ಎಂದು ಕೈಯಿಂದ ತೆಗೆದುಕೊಂಡಿದ್ದಳು. ತೆಗೆದುಕೊಂಡಳೋ, ಕಿತ್ತುಕೊಂಡಳೋ? ಗಂಡನ ಮುಂದೆ, ಡಚ್ ದಾದಿಯ ಮುಂದೆ, ತಾನು ಬರೇ ರೋಗಿಯ ಹೆಂಡತಿಯಲ್ಲ ಎಂದು ತೋರಿಸುವ ಆತುರವಿತ್ತು, ಅಷ್ಟೇ. ಹನ್ನೆಕೆ ಪೆನ್ನಿನ ಮುಚ್ಚಳ ಹಾಕಿದ್ದಳು. ಆ ಟಕ್ ಶಬ್ದ ಮಾತ್ರ ಇವಳ ಕಿವಿಯಲ್ಲಿ ಉಳಿದಿತ್ತು. ಇನ್ನೊಂದು ಮುಜುಗರ ಕಿಶನ್‌ನ ಮುಂದೆ. ಲೈಡನ್ನಿಗೆ ಹೋಗಿಬರುವ ರೈಲಿನ ವಾರ್ಷಿಕ ಪಾಸು ಮುಗಿದಾಗ ಅವಳು ಈ ಸಲ ತಿಂಗಳಿನದನ್ನು ತೆಗೆಸಿದ್ದಳು. ಇಡೀ ವರ್ಷವನ್ನು ನೆಚ್ಚಿಕೊಳ್ಳಲು ಧೈರ್ಯವಾಗದ ಆ ಕಾರಣವನ್ನು ತನಗೂ ಹೇಳಿಕೊಂಡಿರಲಿಲ್ಲ. ಅದನ್ನು ಮೇಜಿನ ಮೇಲೆ ಕಂಡ ಕಿಶನ್ ಒಂದು ಸಲ ಅವಳ ಮುಖ ನೋಡಿ, ಇನ್ನೊಂದು ಲೋಟ ನೀರು ಕುಡಿದು ಎದ್ದು ಹೋಗಿದ್ದ.

ಮೆಟ್ರೋ ಇಳಿದು ಸೂಪರ್ ಮಾರ್ಕೆಟ್ಟಿಗೆ ಹೋದದ್ದು ಮೊಸರಿಗೆ. ಕಿಶನ್‌ಗೆ ಬಾಯಿರುಚಿ ಕೆಟ್ಟು ತಿಂಗಳಾಗಿತ್ತು. ಗಂಜಿ, ಮೊಸರು, ಅದರ ಜೊತೆ ಅತ್ತೆಯ ಉಪ್ಪಿನಕಾಯಿ, ಅಷ್ಟೇ ಒಳಗೆ ಹೋಗುತ್ತಿತ್ತು. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಅವನು ಕಟಕಟೆ ಹಿಡಿದು ನಿಂತು ‘ಮೀನಖಂಡ ಹಿಡ್ಕೊಂಡಿದೆ’ ಎಂದಿದ್ದ, ಇವಳು ಬೀಗ ಹಾಕುತ್ತ ‘ನೀರು ಕಡಿಮಿ ಕುಡಿದೀರಿ’ ಎಂದು ಗದರಿದ್ದಳು. ಹಾಗೆ ಗದರಿದ್ದು ಸರಿಯೇ ಎಂದು ಮೊಸರಿನ ಡಬ್ಬಿಗಳ ಮುಂದೆ ನಿಂತು ಯೋಚಿಸುತ್ತಿದ್ದಾಗ ಹಣ್ಣಿನ ಕಡೆಯಿಂದ ಗಂಡನ ದನಿ ಕೇಳಿಸಿತು. ಎಷ್ಟೋ ವಾರಗಳಿಂದ ಕೇಳದಿದ್ದ ಹಿಗ್ಗಿನ ದನಿ.

“ಸರಳಾ! ಇಲ್ಲಿ ಬಾ, ಇಲ್ಲಿ ನೋಡು! ನಮ್ಮ ದಾರೆಹುಳಿ ಉಂಟು ಮಾರಾಯ್ತಿ ಇಲ್ಲಿ!”

ಅವನ ಅಂಗೈಯಲ್ಲಿ ಪ್ಲಾಸ್ಟಿಕ್ ತಟ್ಟೆಯಲ್ಲಿಟ್ಟ ಹಳದಿ ಹಣ್ಣುಗಳು, ಉದ್ದಕ್ಕೂ ಐದು ಏಣು. ಒಂದನ್ನು ಅಡ್ಡ ಕೊಯ್ದು, ಒಳಗು ಕಾಣುವಂತೆ ಮೇಲಿಟ್ಟಿದ್ದರು. ಐದು ಮೂಲೆಯ ನಕ್ಷತ್ರ. ಇಲ್ಲಿನ ಹುಟ್ಟುಹಬ್ಬಗಳಲ್ಲಿ ಕೇಕಿನ ಮೇಲೆ ಅಲಂಕಾರಕ್ಕೆ ಇಡುವ, ಯಾರೂ ತಿನ್ನದೆ ತಟ್ಟೆಯಂಚಿಗೆ ಸರಿಸುವ ಹಣ್ಣು. ಮಾಹಿತಿಪತ್ರದಲ್ಲಿ ಗ್ರೇಪ್‌ಫ್ರೂಟು, ಕಹಿ ಕಿತ್ತಳೆಗಳ ಮುಂದೆ ಬರೆದಿದ್ದ ನಕ್ಷತ್ರದ ಹಣ್ಣು. ಅದನ್ನು ಓದಿದಾಗ ಅವಳ ಕಣ್ಣಿಗೆ ಕಟ್ಟಿದ್ದು ಕೇಕು. ನಾವೆಲ್ಲಿ ಅದನ್ನು ತಿನ್ನುತ್ತೇವೆ ಎಂದು ಪತ್ರ ಮಡಚಿಟ್ಟಿದ್ದಳು.

ದಾರೆಹುಳಿ ಅವಳ ಸೀಮೆಯ ಕಾಯಿಯಲ್ಲ. ಧಾರವಾಡದ ಹುಡುಗಿಗೆ ಅದು ಯಾವತ್ತೂ ಮರದ ಮೇಲೆ ಕಂಡದ್ದಿಲ್ಲ, ಇಡಿಯಾಗಿ ಕಂಡದ್ದೇ ಇಲ್ಲ. ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ ಸುತ್ತಿಕೊಂಡು ಬರುವ ಬಾಟಲಿಯೊಳಗಿನ, ಅತ್ತೆಯ ಉಪ್ಪಿನಕಾಯಿಯ ಕೆಂಪು ಹೋಳುಗಳಾಗಿ ಮಾತ್ರ ಅವಳಿಗೆ ಪರಿಚಯ. ಅತ್ತೆ ಕಾಯಿಯನ್ನು ಏಣಿನುದ್ದಕ್ಕೆ ಸೀಳಿ ಬೀಜ ತೆಗೆಯುತ್ತಿದ್ದರಂತೆ. ಹಾಗೆ ಸೀಳಿದರೆ ನಕ್ಷತ್ರ ಎಲ್ಲಿಂದ ಬರಬೇಕು? ಕಿಶನ್‌ಗೆ ಕಾಯಿ ಗೊತ್ತಿತ್ತು, ಪತ್ರ ಗೊತ್ತಿರಲಿಲ್ಲ, ಪತ್ರ ಹೆಂಡತಿಯ ಇಲಾಖೆ. ಅವಳಿಗೆ ಪತ್ರ ಗೊತ್ತಿತ್ತು, ಕಾಯಿ ಗೊತ್ತಿರಲಿಲ್ಲ. ಇಬ್ಬರ ನಡುವೆ ಬಾಟಲಿ ದಿನಾ ಊಟದ ಮೇಜಿನ ಮೇಲಿತ್ತು, ಮಾತ್ರೆಯ ಪಕ್ಕದಲ್ಲೇ. ಯಕೃತ್ತಿನ ಯಾವ ಕಿಣ್ವ ಆ ಮಾತ್ರೆಯನ್ನು ಕರಗಿಸಿ ಕಳಿಸುತ್ತದೋ ಆ ಕಿಣ್ವವನ್ನೇ ಈ ಹಣ್ಣು ಕಟ್ಟಿಹಾಕುತ್ತದೆ. ಔಷಧಿ ರಕ್ತದಲ್ಲಿ ಕರಗದೆ ಏರುತ್ತದೆ. ಚೂರು ಮಾತ್ರೆ ಚೂರಾಗಿ ಉಳಿಯುವುದಿಲ್ಲ. ಇದನ್ನು ಅವಳು ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದಳು. ‘ಇನ್ನೊಂದು ಹೋಳು ಹಾಕ್ಕೊಳ್ರಿ, ಗಂಜಿ ಇಳೀತದ’ ಎಂದು ದಿನಾ ಬಡಿಸಿದವಳೂ ಅವಳೇ. ಮೀನಖಂಡ, ಕಟಕಟೆ: ಅದು ನೀರಿನ ಕೊರತೆಯಲ್ಲದೆ ರಕ್ತಕ್ಕೆ ನುಗ್ಗಿದ ಪೊಟ್ಯಾಸಿಯಂ ಆಗಿದ್ದರೆ?

“ಅದನ್ನ ಕೆಳಗ ಇಡ್ರಿ,” ಎಂದಳು.

“ಎಂತ ಆಯ್ತು? ಎರಡು ತಕ್ಕೊಳ್ಳುವ, ಚಟ್ನಿಗೆ—”

“ಕೆಳಗ ಇಡ್ರಿ ಅಂದೆ!”

ಪಕ್ಕದಲ್ಲಿದ್ದ ಮುದುಕಿ ತಿರುಗಿ ನೋಡಿದಳು. ಕಿಶನ್ ತಟ್ಟೆಯನ್ನು ಮೆಲ್ಲಗೆ ಜಾಗಕ್ಕಿಟ್ಟ. ಅವನ ಮುಖದ ಹಿಗ್ಗು ತನ್ನ ಒಂದೇ ಕೂಗಿಗೆ ಆರಿದ್ದನ್ನು ನೋಡುತ್ತಲೇ ಸರಳಾ ಫೋನು ತೆಗೆದು, ಚೀಸಿನ ಕಪಾಟಿನ ಮೂಲೆಗೆ ಹೋಗಿ ನಿಂತಳು. ಇಪ್ಪತ್ತು ವರ್ಷ ಈ ದೇಶದಲ್ಲಿ ಸಭೆಗಳಲ್ಲಿ ವಾದ ಮಾಡಿದ ಡಚ್ ಭಾಷೆ ಆ ಕ್ಷಣಕ್ಕೆ ಹೊಸದಾಗಿ ಬಂದಿಳಿದವಳ ಭಾಷೆಯಾಯಿತು. ಹನ್ನೆಕೆಯೇ ಎತ್ತಿದಳು. ನನ್ನ ಗಂಡ ನಕ್ಷತ್ರದ ಹಣ್ಣು ತಿಂದಿದ್ದಾರೆ, ಎಂದಳು ಸರಳಾ. ಎಷ್ಟು? ಉಪ್ಪಿನಕಾಯಿ ಮಾಡಿದ್ದು, ದಿನಾ ನಾಲ್ಕೈದು ಹೋಳು. ಎಂದಿನಿಂದ? ಮೊದಲ ಮಾತ್ರೆಯಿಂದ. ಈಗ ಅವಳು ಆ ಪತ್ರದ ಮಾತು ಎತ್ತುತ್ತಾಳೆ ಎಂದು ಸರಳಾ ಕಾದಳು. ಎತ್ತಿದ್ದರೆ ಒಳ್ಳೆಯದಿತ್ತು, ಹೊಡೆತ ಬಿದ್ದು ಮುಗಿಯುತ್ತಿತ್ತು.

“ಮಾತ್ರೆ ಕೊಡಬೇಡಿ, ಮೆಫ್ರೌ,” ಎಂದಳು ಹನ್ನೆಕೆ, ಎಂದಿನ ಮರ್ಯಾದೆಯಲ್ಲೇ. “ಇಬ್ಬರೂ ವಾಪಸು ಬನ್ನಿ. ಟ್ಯಾಕ್ಸಿಯಲ್ಲೇ ಬನ್ನಿ, ಅವರನ್ನು ನಡೆಸಬೇಡಿ. ಬೆಳಗಿನ ರಕ್ತವನ್ನು ಬೇಗ ನೋಡಲು ನಾನು ಹೇಳುತ್ತೇನೆ.”

ಟ್ಯಾಕ್ಸಿಯಲ್ಲಿ ಕಿಶನ್‌ಗೆ ವಿಷಯ ಹೇಳಿ ಮುಗಿಸುವಷ್ಟರಲ್ಲಿ, ಎದುರಿನ ಸೇತುವೆ ದೋಣಿಗೆ ದಾರಿ ಬಿಡಲು ಎದ್ದು ನಿಂತಿತ್ತು. ಕೆಳಗೆ ಯಾವುದೋ ದೋಣಿ ಆರಾಮವಾಗಿ ಸಾಗುತ್ತಿತ್ತು, ಅದರ ತುದಿಯಲ್ಲೊಬ್ಬ ಬಟ್ಟೆ ಒಣಹಾಕುತ್ತಿದ್ದ. ಆ ಬಟ್ಟೆ ಒಣಹಾಕುವವನ ಮೇಲೆ ಸರಳಾಗೆ ಕೊಲ್ಲುವಷ್ಟು ಸಿಟ್ಟು ಬಂತು. ಲ್ಯಾಬಿನಲ್ಲಿ ಅವಳು ಎಷ್ಟು ತಟ್ಟೆಗಳಲ್ಲಿ ಎಷ್ಟು ಕೋಶಗಳನ್ನು ಸಾಯಿಸಿದ್ದಳೋ. ಚೆನ್ನಾಗಿ ಸತ್ತಿವೆ, ಎಂದು ಸಹೋದ್ಯೋಗಿಗೆ ಸೂಕ್ಷ್ಮದರ್ಶಕದ ಮುಂದೆ ಜಾಗ ಬಿಟ್ಟುಕೊಡುತ್ತಿದ್ದಳು. ಅಲ್ಲಿ ಪ್ರಮಾಣ ತಪ್ಪಿದರೆ ತಟ್ಟೆಯನ್ನು ಚೆಲ್ಲಿ ಮರುದಿನ ಹೊಸದು ಶುರು ಮಾಡಿದರಾಯಿತು. ಇಲ್ಲಿರುವುದು ಒಂದೇ ತಟ್ಟೆ, ಅದು ಪಕ್ಕದಲ್ಲಿ ಕೂತು ಬೆಲ್ಟನ್ನು ಸರಿಮಾಡಿಕೊಳ್ಳುತ್ತಿದೆ. ದಿನಾ ‘ಸಾಯಲಿ, ಸಾಯಲಿ’ ಎಂದು ಬೇಡಿದ್ದನ್ನು ಯಾರೋ ಅರ್ಧ ಮಾತ್ರ ಕೇಳಿಸಿಕೊಂಡುಬಿಟ್ಟರೇ? ವಿಜ್ಞಾನ ಓದಿದವಳು ಹೀಗೆ ಯೋಚಿಸಬಾರದು. ಯೋಚಿಸಿದಳು. ಅವಳಿಗೆ ಬಹಳ ಭಯವಾಗಿತ್ತು.

“ಅಮ್ಮನಿಗೆ ಮಾತ್ರ ಹೇಳ್ಬೇಡ,” ಎಂದ ಕಿಶನ್. “ತನ್ನ ಉಪ್ಪಿನಕಾಯಿಯಿಂದ ಅಂತ ಗೊತ್ತಾದ್ರೆ ಊಟ ಬಿಡ್ತಾರೆ.”

“ನಿಮ್ಮ ಅಮ್ಮಂದೇನ್ ತಪ್ಪರಿ? ನಾ ಓದಿದಾಕಿ. ನಾ ನೋಡಬೇಕಾಗಿತ್ತು.”

“ಓದಿದವಳು ದಾರೆಹುಳಿ ಮರ ಹತ್ತಿದ್ದೀಯಾ? ನಾನು ಹತ್ತಿದ್ದೇನೆ. ಹತ್ತಿದವ ನಾನು ಹೇಳ್ಬೇಕಿತ್ತು.” ಅವನು ಅವಳ ಕೈಯನ್ನು ತೆಗೆದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡ. ಮದುವೆಯಾಗಿ ಇಷ್ಟು ವರ್ಷದಲ್ಲಿ ಟ್ಯಾಕ್ಸಿಯಲ್ಲಿ ಹೀಗೆ ಕೂತದ್ದಿಲ್ಲ. ಸೇತುವೆ ಇಳಿಯಿತು.

ಆಸ್ಪತ್ರೆಯಲ್ಲಿ ಎಲ್ಲ ಸದ್ದಿಲ್ಲದೆ, ಬೇಗ ಬೇಗ ನಡೆಯಿತು. ಅವನ ಎದೆಗೆ ತಂತಿಗಳನ್ನು ಅಂಟಿಸಿದರು, ಇನ್ನೊಮ್ಮೆ ರಕ್ತ ತೆಗೆದರು, ಕೈಗೆ ಸಲೈನ್ ಹಾಕಿದರು. ಕಾಯುವ ಕೋಣೆಯಲ್ಲಿ ಹನ್ನೆಕೆ ಎರಡು ಲೋಟ ಚಹಾ ಹಿಡಿದು ಬಂದು ಸರಳಾಳ ಪಕ್ಕದ ಕುರ್ಚಿಯಲ್ಲಿ ಕೂತಳು. ಸರಳಾ ಹೇಗೋ ಬಾಯಿ ತೆರೆದಳು: ಅವತ್ತು ನಿಮ್ಮ ಕೈಯಿಂದ ಪತ್ರ ತೆಗೆದುಕೊಳ್ಳಬಾರದಿತ್ತು. ಹನ್ನೆಕೆ ಚಹಾ ಊದುತ್ತ, ಅದು ತನಗೂ ನೆನಪಿದೆ ಎಂದಳು. ಮುಚ್ಚಿಡಲಿಲ್ಲ, ಅದು ಸರಳಾಗೆ ಇಷ್ಟವಾಯಿತು.

“ನಾನು ಪತ್ರ ಓದಿ ಹೇಳಿದ್ದರೂ ನಿಮಗೆ ತಿಳಿಯುತ್ತಿರಲಿಲ್ಲ,” ಎಂದಳು ಹನ್ನೆಕೆ ಆಮೇಲೆ. “ಹಣ್ಣು ತಿನ್ನಬೇಡಿ ಅನ್ನುತ್ತಿದ್ದೆ, ನೀವು ಇಲ್ಲ ಅನ್ನುತ್ತಿದ್ದಿರಿ. ಮನೆಯಲ್ಲಿ ಏನು ಊಟ ಮಾಡುತ್ತೀರಿ ಎಂದು ನಾನು ಕೇಳಬೇಕಿತ್ತು. ಈಗ ಕೇಳುತ್ತೇನೆ. ಕಪಾಟಿನಲ್ಲಿ ಇನ್ನೇನೇನು ಬಾಟಲಿಗಳಿವೆ?”

ಹೀಗೆ ಸರಳಾ, ಗಂಡ ಬದುಕುತ್ತಾನೋ ಇಲ್ಲವೋ ಎಂದು ಕಾಯುತ್ತ, ಒಬ್ಬ ಡಚ್ ಹೆಂಗಸಿಗೆ ತನ್ನ ಅಡುಗೆಮನೆಯ ಕಪಾಟನ್ನು ಒಂದೊಂದಾಗಿ ಬಿಡಿಸಿ ಹೇಳಿದಳು. ಮಾವಿನ ಮಿಡಿ, ಪರವಾಗಿಲ್ಲ. ಅಮಟೆಕಾಯಿ, ನೋಡೋಣ. ಹೇರಳೆಕಾಯಿ? ಅದು ಹೇಗಿರುತ್ತದೆ? ದೊಡ್ಡ ನಿಂಬೆಯ ಹಾಗೆ, ಸಿಪ್ಪೆ ಕಹಿ, ಎನ್ನುವಷ್ಟರಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕಹಿ ಕಿತ್ತಳೆಯ ಬಳಗ. ಪುಣ್ಯಕ್ಕೆ ಆ ಬಾಟಲಿಯ ಮುಚ್ಚಳ ಇನ್ನೂ ತೆರೆದಿರಲಿಲ್ಲ. ಸರಳಾಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು, ಹನ್ನೆಕೆ ಅವಳ ಕೈಯಿಂದ ಲೋಟ ತೆಗೆದು ನೆಲದ ಮೇಲಿಟ್ಟಳು.

ವೈದ್ಯರು ಬಂದದ್ದು ಮಧ್ಯಾಹ್ನ ಕಳೆದ ಮೇಲೆ. ಎತ್ತರದ ಮನುಷ್ಯ, ಕೆಟ್ಟ ಸುದ್ದಿಯನ್ನೂ ಒಳ್ಳೆಯ ಸುದ್ದಿಯನ್ನೂ ಒಂದೇ ಮುಖದಲ್ಲಿ ಹೇಳುವವರು. ಕಿಶನ್‌ನ ಹಾಸಿಗೆಯ ಅಂಚಿಗೆ ಕೂತು, ಎರಡೂ ಸಲದ ರಕ್ತ ನೋಡಿದೆ ಎಂದರು. ಯೂರಿಕ್ ಆಮ್ಲ ಸ್ವಲ್ಪ ಏರಿದೆ, ಪೊಟ್ಯಾಸಿಯಂ ಗಡಿಯ ಹತ್ತಿರ ಹೋಗಿ ನಿಂತಿದೆ, ದಾಟಿಲ್ಲ. ಮೂತ್ರಪಿಂಡ ಚೆನ್ನಾಗಿದೆ, ಹೃದಯದ ಲಯ ಸರಿಯಿದೆ. ನೀರು ಕಾಪಾಡಿದೆ. ಇವತ್ತು ಇಮ್ಮಡಿ ಮಾತ್ರೆ ನುಂಗಿ, ಜೊತೆಗೆ ಆ ಹಣ್ಣನ್ನೂ ತಿಂದಿದ್ದರೆ ನಾನು ಇಷ್ಟು ಸಮಾಧಾನವಾಗಿ ಮಾತಾಡುತ್ತಿರಲಿಲ್ಲ. ಒಂದೆರಡು ದಿನ ಮಾತ್ರೆ ಬೇಡ. ಆಮೇಲೆ ಹಳೆಯ ಪ್ರಮಾಣವೇ, ಮುಂದಿನ ವಾರ ನೋಡಿ ಏರಿಸೋಣ.

“ಮತ್ತೆ ಆ ಕೋಶಗಳು?” ಎಂದು ಕೇಳಿದಳು ಸರಳಾ. ದನಿ ಅವಳದೇ ಎಂದು ಅವಳಿಗೆ ಅನ್ನಿಸಲಿಲ್ಲ.

ಅವರು ಪರದೆಯನ್ನು ಅವಳ ಕಡೆ ತಿರುಗಿಸಿದರು. ಗೆರೆ ಬೇಸಿಗೆಯಿಡೀ ಏರುತ್ತ ಬಂದಿತ್ತು; ಮೊದಲ ಮಾತ್ರೆಯ ನಂತರ ಬಾಗಿತ್ತು; ಆಮೇಲೆ, ಅಲ್ಲಿಂದ ಇಲ್ಲಿಗೆ, ಇಳಿದುಬಿಟ್ಟಿತ್ತು. ಬೇರೆ ಯಾರಾದರೂ ವಿವರಿಸಬೇಕಿತ್ತೇನೋ, ಅವಳಿಗೆ ಬೇಕಾಗಲಿಲ್ಲ. ಇಂಥ ಗೆರೆಗಳನ್ನು ಅವಳು ನೂರಾರು ನೋಡಿದ್ದಳು, ಪ್ರಬಂಧಗಳಲ್ಲಿ ಹಾಕಿದ್ದಳು, ಅವುಗಳ ಮೇಲೆ ಚಹಾ ಚೆಲ್ಲಿದ್ದಳು. ಈ ಗೆರೆಯನ್ನು ಮಾತ್ರ ಬೆರಳಿಟ್ಟು ಮೇಲಿಂದ ಕೆಳಗೆ ಹಿಂಬಾಲಿಸಿದಳು. ದೊಡ್ಡಮ್ಮನ ಕೈಗೆ ಕೂಸು ಬಂದಿದೆ. ಹೊರಟು ನಿಂತವರು ಹೊರಟಿದ್ದಾರೆ, ನೂಕುನುಗ್ಗಲಾದರೂ ಬಾಗಿಲು ಮುರಿಯದೆ ಹೊರಟಿದ್ದಾರೆ. ಸಾಯುತ್ತಿವೆ, ಎಂದುಕೊಂಡಳು, ಮೊದಲ ಸಲ ಹೆದರದೆ. ಮೈಯೆಲ್ಲ ಹಗುರಾಯಿತು.

ಸಂಜೆ ಇನ್ನೊಮ್ಮೆ ರಕ್ತ ನೋಡಿ, ಪೊಟ್ಯಾಸಿಯಂ ಇಳಿದದ್ದನ್ನು ಕಂಡು ಮನೆಗೆ ಬಿಟ್ಟರು. ಬೂಟು ಬಿಚ್ಚುವ ಮೊದಲೇ ಸರಳಾ ಕಪಾಟು ತೆರೆದು ದಾರೆಹುಳಿಯ ಬಾಟಲಿ ತೆಗೆದಳು. ಅವಳ ಅಡುಗೆಮನೆಯ ಎಲ್ಲ ಬಾಟಲಿಗಳಂತೆ ಅದರ ಮೇಲೂ ಬಿಳಿ ಟೇಪಿನ ಚೂರು, ಅದರಲ್ಲಿ ತೆರೆದ ದಿನದ ತಾರೀಖು. ಲ್ಯಾಬಿನಲ್ಲಿ ಹೆಸರು, ತಾರೀಖು ಇಲ್ಲದ ನಳಿಕೆಯನ್ನು ಯಾರೂ ಮುಟ್ಟುವುದಿಲ್ಲ, ಆ ಚಾಳಿ ಮನೆಗೂ ಬಂದಿತ್ತು. ನನ್ನ ಬೆನ್ನಿಗೆ ಯಾವಾಗ ಅಂಟಿಸ್ತೀ ಎಂದು ಕಿಶನ್ ಕಾಡುತ್ತಿದ್ದ. ರೋಗ ಬಂದ ಮೇಲೆ ಆ ತಮಾಷೆ ನಿಂತಿತ್ತು. ಅವಳು ಹಸಿಕಸದ ಡಬ್ಬಿಯ ಮುಚ್ಚಳ ಎತ್ತಿದಳು.

“ಎಸಿಬೇಡ,” ಎಂದ ಕಿಶನ್ ಬಾಗಿಲಲ್ಲಿ ನಿಂತು. “ಉಪ್ಪು ಸರಿ ಉಂಟು, ಹಾಳಾಗುವುದಿಲ್ಲ. ಮಾತ್ರೆ ಮುಗಿದ ಮೇಲೆ ತಿಂತೇನೆ.”

ಮಾತ್ರೆ ಮುಗಿದ ಮೇಲೆ. ಆ ದಿನ ಯಾವುದೆಂದು ವೈದ್ಯರು ಮೊದಲ ಭೇಟಿಯಲ್ಲೇ ಹೇಳಿದ್ದರು, ಎಲ್ಲ ಸರಿಹೋದರೆ ಎಂದು ಸೇರಿಸಿ. ವರ್ಷದಾಚೆಗಿನ ಆ ತಿಂಗಳನ್ನು ಸರಳಾ ಅವತ್ತಿನಿಂದ ಒಮ್ಮೆಯೂ ಬಾಯಲ್ಲಿ ಆಡಿರಲಿಲ್ಲ. ಅವಳು ಡಬ್ಬಿಯ ಮುಚ್ಚಳ ಬಿಟ್ಟಳು. ಬಾಟಲಿಯನ್ನು ಒರೆಸಿ, ಹಳೆಯ ಟೇಪನ್ನು ಉಗುರಿನಿಂದ ಕಿತ್ತು, ಚೀಲದಿಂದ ಪೆನ್ನು ತೆಗೆದು, ಹೊಸ ಟೇಪು ಅಂಟಿಸಿದಳು. ಲ್ಯಾಬಿನಲ್ಲಿ ಅವಳು ಬರೆಯುತ್ತಿದ್ದದ್ದು ಯಾವಾಗಲೂ ಆಗಿಹೋದ ದಿನವನ್ನು. ಈಗ ತೆರೆಯುವ ದಿನ ಎಂದು ಬರೆದು, ಮುಂದಿನ ವರ್ಷದ ಡಿಸೆಂಬರನ್ನು ಬರೆದಳು. ಕೆಳಗೆ, ಪದ್ಧತಿಯಂತೆ, ತನ್ನ ಹೆಸರು.

ಕಿಶನ್ ಹತ್ತಿರ ಬಂದು, ಕನ್ನಡಕ ಹಣೆಗೇರಿಸಿ ಓದಿದ. ಬಹಳ ಹೊತ್ತು ಓದಿದ, ಅಲ್ಲಿದ್ದದ್ದು ಮೂರೇ ಸಾಲು ಆದರೂ.

“ಅಳಿಸಿ ಹೋಗುವ ಪೆನ್ನಾ?”

“ಅಲ್ಲರಿ. ಲ್ಯಾಬಿನ ಪೆನ್ನು. ಸ್ಪಿರಿಟ್ ಹಾಕಿ ತಿಕ್ಕಿದ್ರೂ ಹೋಗೂದಿಲ್ಲ.”

“ಹಾಗಾದ್ರೆ ತಿನ್ಲೇಬೇಕು,” ಎಂದು ಕಿಶನ್ ಬಾಟಲಿಯನ್ನು ಅವಳ ಕೈಯಿಂದ ತೆಗೆದುಕೊಂಡು, ಕುರ್ಚಿ ಹತ್ತಲು ಹೋದವನು ಅವಳ ಮುಖ ನೋಡಿ ನಿಂತು, ಅವಳನ್ನೇ ಹತ್ತಿಸಿ, ಎಲ್ಲಕ್ಕಿಂತ ಮೇಲಿನ ಅರೆಯಲ್ಲಿ ಇಡಿಸಿದ.